ನಾನು ಹಿಡಿಯದ ಸೊಲ್ಲು

ಮೊನ್ನೆ ಶಿಡ್ಲಘಟ್ಟದಲ್ಲಿ ಬಸ್ಸಿಳಿದು ನಡೆಯುವಾಗ ರೇಷ್ಮೆಗೂಡು ಬೇಯುವ ವಾಸನೆ ಬಡಿಯಿತು. ಬೇರೆಯವರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಪಕ್ಕದ ಮನೆ ದೊಡ್ಡಮ್ಮ ನೆನಪಾದರು. ನೂಲು ತೆಗೆಯುವ ಶೆಡ್ಡಿನಿಂದ ಬಂದರೆ ಅವರ ಸೆರಗಿನಲ್ಲೂ ಅದೇ ವಾಸನೆ...

ನಮ್ಮ ಬೀದಿಯ ಮದುವೆಗಳಲ್ಲಿ ಸೋಬಾನೆ ಹೇಳುತ್ತಿದ್ದವರು ಅವರೇ. ಅವರ ಸಾಲು ಮುಗಿಯುವ ಮೊದಲೇ ಉಳಿದ ಹೆಂಗಸರು ಅದರ ಬಾಲ ಹಿಡಿದು, ಪ್ರತಿ ಸಾಲಿಗೂ ಮರಳಿ ಬರುವ ಸೊಲ್ಲು ಎತ್ತಬೇಕು. ದೊಡ್ಡಮ್ಮ ಉಸಿರು ತೆಗೆದುಕೊಳ್ಳುವುದು ಆಗಲೇ. ನಡುವೆ ಚೂರೂ ಬಿಡುವು ಬೀಳಕೂಡದು. ಹೆಣ್ಣನ್ನು ಹಸೆಗೆ ಕರೆಯುವ ಹಾಡನ್ನಂತೂ ಅರ್ಧಕ್ಕೆ ಬಿಟ್ಟರೆ ಅವಳ ಬಾಳು ಅರ್ಧಕ್ಕೆ ನಿಲ್ಲುತ್ತದೆ ಅನ್ನುತ್ತಿದ್ದರು.

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ಸಂಕೋಚವಿಲ್ಲ, ಕಷ್ಟಪಟ್ಟೇ ಓದಿದ್ದು. ಚಿಕ್ಕಬಳ್ಳಾಪುರದಲ್ಲಿ ಕೆಲಸ ಸಿಕ್ಕಮೇಲೆ, ವಾದ್ಯವಿಲ್ಲದೆ ಬರೀ ಗಂಟಲಿನಲ್ಲಿ ಹಳೆಯ ಹಾಡುಗಳನ್ನು ಹಾಡುವ ತಂಡವೊಂದಕ್ಕೆ ಸೇರಿದೆ. ದೊಡ್ಡಮ್ಮನ ಹಸೆ ಹಾಡನ್ನು ಅವರಿಗೆ ಕೊಟ್ಟವಳೂ ನಾನೇ. ಹಾಡಿಸುವ ಸರ್ ಖುಷಿಯಾಗಿ, "ಅವರನ್ನೇ ಕರ್ಕೊಂಡ್ ಬಾಮ್ಮ, ಮುಂದೆ ನಿಂತು ಹಾಡ್ಲಿ," ಅಂದರು.

ವೇದಿಕೆಯ ಮೇಲೆ ಒಂದು ಹಾಡಿಗೆ ನಾಲ್ಕೇ ನಿಮಿಷ, ಸರ್ ಮುಷ್ಟಿ ಕಟ್ಟಿದರೆ ನಿಲ್ಲಿಸಬೇಕು. ಅದನ್ನು ದೊಡ್ಡಮ್ಮನಿಗೆ ಹೇಳಬೇಕಾದವಳು ನಾನು. ಹೇಳಿದರೆ ಬರುವುದಿಲ್ಲ ಅಂತ ಹೇಳಲಿಲ್ಲ...

ಸಭೆಯಲ್ಲಿ ಸರ್ ಮುಷ್ಟಿ ಕಟ್ಟಿದರು. ನಾವು ಹನ್ನೆರಡು ಜನ ಬಾಯಿ ಮುಚ್ಚಿದೆವು. ದೊಡ್ಡಮ್ಮ ಮುಂದಿನ ಸಾಲು ಹೇಳಿ, ಸೊಲ್ಲಿಗೆಂದು ನನ್ನ ಕಡೆ ತಿರುಗಿದರು. ಸರ್ ಕಣ್ಣೂ ನನ್ನ ಮೇಲೇ. ನಾನು ಸರ್ ಮುಖವನ್ನೇ ನೋಡಿದೆ, ಸೊಲ್ಲು ಹಿಡಿಯಲಿಲ್ಲ. ಅವರು ತಮ್ಮ ಸಾಲನ್ನೂ ನಮ್ಮ ಸೊಲ್ಲನ್ನೂ ಒಬ್ಬರೇ ಹಾಡಿದರು, ಏದುತ್ತಾ, ಕೊನೆಯವರೆಗೆ. ಜನ ಚಪ್ಪಾಳೆ ತಟ್ಟಿದರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ, "ತಪ್ಪಾಯ್ತು ದೊಡ್ಡಮ್ಮ," ಅಂದೆ.

"ಪೋನೀಲೇ, ಹೋಗ್ಲಿ ಬಿಡು," ಅಂದರು. ಸ್ವಲ್ಪ ದೂರ ಹೋದಮೇಲೆ, "ಅಷ್ಟು ಓದಿದೀಯ, ಒಂದು ಸೊಲ್ಲಿಗೆ ಉಸಿರಿರಲಿಲ್ವೇನೇ?" ಅಂದು ನಕ್ಕರು.

ಹೋದ ವರ್ಷ ತೀರಿಕೊಂಡರು. ನಮ್ಮ ಬೀದಿಯ ಹೆಂಗಸರಿಗೆ ಬರುವುದು ಸೊಲ್ಲಷ್ಟೇ. ನನ್ನ ಹತ್ತಿರ ಇರುವುದು ತಂಡಕ್ಕೆಂದು ಕಲಿತ ನಾಲ್ಕು ನಿಮಿಷದ ಸಾಲುಗಳಷ್ಟೇ. ಅದರಾಚೆಯ ಸಾಲುಗಳನ್ನು ಅವತ್ತು ಅವರು ನನ್ನ ಎದುರೇ ಹಾಡಿದರು. ಆದರೆ ನನಗೆ ನೆನಪಿರುವುದು ಸರ್ ಮುಖ.

ಈಗ ಎಲ್ಲಿ ಹೋದರೂ ಜನ ಅದೇ ಹಾಡು ಕೇಳುತ್ತಾರೆ. ಸರ್ ಮುಷ್ಟಿ ಕಟ್ಟುತ್ತಾರೆ, ನಾನು ನಿಲ್ಲಿಸುತ್ತೇನೆ. ನಿಲ್ಲಿಸಬಾರದು ಅಂದುಕೊಂಡರೂ, ಮುಂದಿನ ಸಾಲು ನನಗೆ ಬರುವುದಿಲ್ಲ.