ಇಂಟರ್ವಲ್ ಆದ ಮೇಲಿನ ಸಿನಿಮಾ

ಇದನ್ನು ಹೇಳಬೇಕು ಅಂದುಕೊಂಡು ನಾಲ್ಕು ವರ್ಷವಾಯಿತು. ಸೊಪ್ಪಿನ ಕೆಲಸ ಮುಗಿಯಲಿ ಅಂದುಕೊಂಡೆ, ಮುಗಿಯಿತು. ಹಬ್ಬ ಕಳೆಯಲಿ ಅಂದುಕೊಂಡೆ, ಕಳೆಯಿತು. ಕಣ್ಣಿನ ಆಪರೇಷನ್ ಆಗಿಬಿಡಲಿ ಅಂದುಕೊಂಡೆ, ಅದೂ ಆಯಿತು. ಬಾಯಿಬಿಟ್ಟು ಹೇಳುವುದು ನನ್ನಿಂದಾಗದು ಎಂದು ಗೊತ್ತಾದ ಮೇಲೆ ಈಗ ಬರೆಯಲು ಕೂತಿದ್ದೇನೆ.

ನಮ್ಮೂರು ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವೆ ಇದೆ. ಹೊಗೆಸೊಪ್ಪು ಬೆಳೆಯುವ ಊರು. ಮುರಿದು ತಂದ ಹಸಿ ಎಲೆಯನ್ನು ಹೆಂಗಸರು ಸಾಲಾಗಿ ಕೂತು ಕಡ್ಡಿಗೆ ಕಟ್ಟುತ್ತಾರೆ. ಕಟ್ಟಿದ ಕಡ್ಡಿಗಳನ್ನು ಬ್ಯಾರನ್ನಿನ ಒಳಗೆ ತೂಗುಹಾಕಿ ಬೆಂಕಿ ಕೊಟ್ಟು ಒಣಗಿಸುತ್ತೇವೆ. ಸೀಸನ್ನಿನ ಕೊನೆಯ ಬ್ಯಾರನ್ ಇಳಿಸಿದ ಮಾರನೆಯ ದಿನ, ಸೊಪ್ಪು ಕಟ್ಟಿದ ಹೆಂಗಸರನ್ನೆಲ್ಲ ಮನೆಯವರೇ ಸಿನಿಮಾಕ್ಕೆ ಕಳಿಸುವುದು ನಮ್ಮ ಮನೆಯಲ್ಲಿ ನಡೆದುಬಂದ ರೂಢಿ. ನನ್ನ ಹೆಂಡತಿ ಇದ್ದಾಗ ಅವಳು ಕಳಿಸುತ್ತಿದ್ದಳು, ತಾನು ಹೋಗುತ್ತಿರಲಿಲ್ಲ. ಅವಳು ತೀರಿಕೊಂಡ ಮೇಲೆ ಆ ಕೆಲಸ ಸೊಸೆಗೆ ಬಂತು. ಸೊಸೆ ಕಳಿಸಿ ಸುಮ್ಮನಿರಲಿಲ್ಲ. ತಾನೂ ಹೊರಟು ನಿಂತಳು.

ಮನೆಯಲ್ಲಿ ಟಿವಿ ಇಲ್ಲದೆ ಇರಲಿಲ್ಲ. ಗೋಡೆಯ ಅರ್ಧದಷ್ಟು ಅಗಲದ್ದು, ಮಗ ತಂದು ಹಾಕಿಸಿದ್ದ. ದಿನವಿಡೀ ಒಂದಲ್ಲ ಒಂದು ಸಿನಿಮಾ ಬರುತ್ತಿತ್ತು. ನಾಲ್ಕು ವರ್ಷದ ಹಿಂದೆ, ಹಾಗೆ ಹೊರಟ ದಿನ ಬೆಳಿಗ್ಗೆ ಅವಳು ತಲೆ ಬಾಚಿಕೊಳ್ಳುತ್ತಿದ್ದಾಗ ನಾನು ದಿವಾನದ ಮೇಲೆ ಕೂತೇ ಕೇಳಿದೆ.

"ಅಷ್ಟು ದೂರ ಯಾಕವ್ವ? ಮನೇಲೇ ನೋಡ್ಬೌದಲ್ಲ."

"ಮನೇಲಿ ನಾನು ಒಂದು ಸಿನಿಮಾನೂ ಪೂರ್ತಿ ನೋಡಿಲ್ಲ ಮಾವ," ಅಂದಳು. "ಕೂತೆ ಅನ್ನೋಷ್ಟರಲ್ಲಿ ಕುಕ್ಕರ್ ಕೂಗ್ತದೆ. ಹಾಲ್ನೋರು ಬತ್ತಾರೆ. ನಿಮ್ಮಗ ಟವಲ್ ಎಲ್ಲಿ ಅಂತಾರೆ. ನೀವು ನೀರು ಕೇಳ್ತೀರಿ. ಅಲ್ಲಾದ್ರೆ ಬಾಗ್ಲು ಹಾಕ್ಬುಡ್ತಾರೆ. ಯಾರೂ ಕರಿಯಾಕಿಲ್ಲ."

ನಗುತ್ತಲೇ ಹೇಳಿದಳು. ನನಗೆ ಮಾತ್ರ ಕರೆದು ಎಬ್ಬಿಸುವವರ ಪಟ್ಟಿಯಲ್ಲಿ ನನ್ನನ್ನೂ ಸೇರಿಸಿದಳಲ್ಲ ಎಂದು ಚುಚ್ಚಿತು. ಆಪೆ ಆಟೋ ಬಂತು. ಒಂಬತ್ತು ಜನ ಹೆಂಗಸರು ಒಬ್ಬರ ತೊಡೆಯ ಮೇಲೆ ಒಬ್ಬರು ಕೂತು ಹುಣಸೂರಿನ ಮ್ಯಾಟಿನಿಗೆ ಹೋದರು. ರಸ್ತೆಯ ತಿರುವಿನವರೆಗೂ ಅವರ ನಗು ಕೇಳುತ್ತಿತ್ತು.

ಥಿಯೇಟರಿನ ಸುಖ ಗೊತ್ತಿಲ್ಲದವನು ನಾನಲ್ಲ. ಕೆ.ಆರ್. ನಗರದಲ್ಲಿ ಅಕ್ಕನ ಮನೆಯಲ್ಲಿದ್ದು ಹೈಸ್ಕೂಲು ಓದಿದವನು. ಮಧ್ಯಾಹ್ನದ ಬೆಲ್ಲಿಗೆ ಸ್ಕೂಲು ಬಿಟ್ಟು ಪರದೆಯ ಮುಂದಿನ ಅಗ್ಗದ ಗಾಂಧಿ ಕ್ಲಾಸಿನಲ್ಲಿ ಕೂರುತ್ತಿದ್ದೆ. ಮದುವೆಯಾದ ಮೇಲೂ ಗದ್ದೆಯ ಕಡೆ ಹೋಗಿಬರುತ್ತೇನೆಂದು ಸೈಕಲ್ ಹತ್ತಿ ಸಿನಿಮಾ ಮುಗಿಸಿಯೇ ಬರುತ್ತಿದ್ದೆ. ಒಂದು ದಿನವೂ ನನ್ನನ್ನು ಯಾರೂ ಅರ್ಧದಲ್ಲಿ ಎಬ್ಬಿಸಿ ಕರೆದುಕೊಂಡು ಬಂದಿರಲಿಲ್ಲ.

ಅವತ್ತು ಮಗ ಟಿಲ್ಲರ್ ನೋಡಲು ಹಂಪಾಪುರಕ್ಕೆ ಹೋಗಿದ್ದ. ಅನ್ನ, ಸಾರು, ಮುದ್ದೆ ಎಲ್ಲ ಮುಚ್ಚಿಟ್ಟು, ಫ್ಲಾಸ್ಕಿನಲ್ಲಿ ಕಾಫಿ ತುಂಬಿಟ್ಟು ಹೋಗಿದ್ದಳು ಸೊಸೆ. ನನಗೆ ಯಾವ ಕೊರತೆಯೂ ಇರಲಿಲ್ಲ. ಊಟ ಮಾಡಿ ಟಿವಿ ಹಾಕಿಕೊಂಡು ಕೂತೆ. ಪಕ್ಕದ ಮನೆಯವನು ಬಂದು ಜಗಲಿಯ ಮೇಲೆ ಕಾಲು ಚಾಚಿದ. ನನ್ನ ಓರಗೆಯವನು.

"ಏನ್ಲಾ, ಒಬ್ನೇ ಕಾವ್ಲು ಕೂತಿದ್ದೀಯಾ?"

"ಸೊಸೆ ಸಿನಿಮಾಕ್ಕೋಗವಳೆ."

"ನೋಡ್ದೆ ಕಣ್ಲಾ. ಕೂಲಿಯೋರ ಜೊತೇಲಿ ಆಪೆ ಆಟೋದಲ್ಲಿ. ನಿನ್ ಎಂಡ್ರು ಹೊಸಿಲು ದಾಟ್ತಿರ್ಲಿಲ್ಲ. ಬುಡು, ಕಾಲ ಅಂಗೈತೆ. ನೀನಿನ್ನು ಮುದ್ದೆ ತಿರುವೋದು ಕಲ್ತ್ಕೊ."

ಅವನು ನಕ್ಕ, ನಾನೂ ನಕ್ಕೆ. ಅವನು ಎದ್ದು ಹೋದ ಮೇಲೆ ಫ್ಲಾಸ್ಕಿನ ಕಾಫಿಯನ್ನು ಲೋಟಕ್ಕೆ ಬಗ್ಗಿಸಿಕೊಂಡೆ. ಚೆನ್ನಾಗಿಯೇ ಇತ್ತು, ಬಿಸಿಯೂ ಇತ್ತು. ಆದರೂ ಬಚ್ಚಲಿಗೆ ಸುರಿದುಬಿಟ್ಟೆ. ಆಮೇಲೆ ಫೋನು ಕೈಗೆ ತೆಗೆದುಕೊಂಡೆ.

ಎರಡು ಸಲ ಎತ್ತಲಿಲ್ಲ. ಮೂರನೆಯ ಸಲ ಎತ್ತಿದಳು. ಹಿಂದೆ ಜನರ ಗಲಾಟೆ, ಕಡಲೆಕಾಯಿ ಮಾರುವವನ ಕೂಗು ಕೇಳಿಸಿತು. ಇಂಟರ್ವಲ್ ಆಗಿತ್ತು.

"ಎದೆ ನೋಯ್ತದವ್ವ," ಅಂದೆ.

ಆ ಮಾತು ನನ್ನ ಬಾಯಿಂದ ಹೇಗೆ ಬಂತು ಎಂದು ಈಗಲೂ ಯೋಚಿಸುತ್ತೇನೆ. ಹೊಟ್ಟೆನೋವು ಅನ್ನಬಹುದಿತ್ತು. ತಲೆಸುತ್ತು ಅನ್ನಬಹುದಿತ್ತು. ಅವಳು ಎದ್ದು ಬರಬೇಕು ಎಂದು ನನ್ನೊಳಗೆ ಯಾರೋ ಲೆಕ್ಕ ಹಾಕಿರಬೇಕು.

"ಬಂದೆ ಮಾವ, ಬಂದೆ. ಮನಿಕ್ಕಳಿ, ಎದ್ದೇಳ್ಬೇಡಿ," ಅಂದಳು.

ಅವಳೊಬ್ಬಳು ಬರುತ್ತಾಳೆ ಅಂದುಕೊಂಡಿದ್ದೆ. ಒಂಬತ್ತು ಜನರೂ ಅದೇ ಆಟೋದಲ್ಲಿ ವಾಪಸ್ಸು ಬಂದರು. ಒಬ್ಬಳ ಕೈಯಲ್ಲಿ ತಿಂದು ಮುಗಿಸದ ಕಡಲೆಕಾಯಿ ಪೊಟ್ಟಣ ಹಾಗೆಯೇ ಇತ್ತು. ವರ್ಷಕ್ಕೊಂದು ಸಿನಿಮಾ ನೋಡುವ ಹೆಂಗಸರು ಅವರು. ಅವರಲ್ಲಿ ಹಿರಿಯಳು ನನ್ನ ಕಾಲು ತಿಕ್ಕುತ್ತಾ, "ಸಿನಿಮಾ ಎಲ್ಲೋದದು ಬುಡಿ ಗೌಡ್ರೆ. ನೀವು ಉಸಾರಾಗಿದ್ರೆ ಸಾಕು," ಅಂದಳು. ಎದ್ದು ಕೂತು, ಏನಿಲ್ಲ, ಗ್ಯಾಸಿರಬೇಕು ಎಂದು ಹೇಳಿಬಿಡುವುದಕ್ಕೆ ಅದು ಒಳ್ಳೆಯ ಗಳಿಗೆಯಾಗಿತ್ತು. ನಾನು ಕಣ್ಣು ಮುಚ್ಚಿಕೊಂಡೆ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು. ನೋವು ಎಡಗೈಗೆ ಇಳಿಯಿತಾ? ಹೂಂ ಅಂದೆ. ಬೆವರು ಬಂತಾ? ಹೂಂ. ಹಿಂದೆ ಯಾವಾಗಲಾದರೂ ಆಗಿತ್ತಾ? ಪಕ್ಕದಲ್ಲಿ ಸೊಸೆ ನಿಂತಿದ್ದಳು, ಹೂಂ ಅಂದೆ. ಒಂದೊಂದು ಹೂಂ ಅಂದಾಗಲೂ ಹಿಂದಿನ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಇಸಿಜಿಯಲ್ಲಿ ಅಂಥದ್ದೇನೂ ಕಾಣಲಿಲ್ಲ. ಆದರೂ ಇಷ್ಟೆಲ್ಲ ಹೇಳುತ್ತಿದ್ದಾರೆ, ವಯಸ್ಸೂ ಆಗಿದೆ, ಹುಷಾರಾಗಿರಲಿ ಎಂದು ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ರಾತ್ರಿ ಎಂಟಕ್ಕೆ, ಟೈಮ್ ತಪ್ಪಬಾರದು ಅಂದರು. ಒಬ್ಬರನ್ನೇ ಬಿಡಬೇಡಿ ಎಂದೂ ಹೇಳಿದರು.

ಅವತ್ತಿನಿಂದ ನಾನು ಹಾರ್ಟ್ ಪೇಷೆಂಟ್. ಉಪ್ಪು ಕಡಿಮೆಯಾಯಿತು. ಬಸ್ಸು ಹತ್ತುವುದು ನಿಂತಿತು. ಒಂದು ದಿನ ಬೇಜಾರಾಗಿ, ನಾನೂ ಒಂದು ಸಲ ಥಿಯೇಟರಿಗೆ ಹೋಗಿ ಬರುತ್ತೇನೆ ಅಂದೆ. ಮಗ ರೇಗಿದ. "ಆ ಸೌಂಡ್‌ಗೆ ನಿನ್ನೆದೆ ತಡ್ಕತದಾ ಅಪ್ಪ? ಮನೇಲೇ ನೋಡು." ನನ್ನದೇ ಮಾತು ನನಗೆ ವಾಪಸ್ಸು ಬಂತು. ನಾಲ್ಕು ವರ್ಷದಿಂದ ಆ ದಿವಾನ, ಆ ಟಿವಿ, ಕಿಟಕಿಯಲ್ಲಿ ಕಾಣುವ ಬ್ಯಾರನ್ನಿನ ಗೋಡೆ, ಇಷ್ಟೇ ನನ್ನ ಊರು. ನಾನು ಅನುಭವಿಸುವುದು ಸರಿಯೇ. ಸಂಕಟವೆಂದರೆ ನನ್ನ ಜೊತೆಯಲ್ಲಿ ಅವಳೂ ಸಿಕ್ಕಿಹಾಕಿಕೊಂಡಿದ್ದಾಳೆ. ಆಮೇಲಿನ ಯಾವ ಸೀಸನ್ನಿನಲ್ಲೂ ಅವಳು ಸಿನಿಮಾಕ್ಕೆ ಹೋಗಿಲ್ಲ. ಹೆಂಗಸರನ್ನು ಆಟೋ ಹತ್ತಿಸಿ, ತಾನು ಒಳಗೆ ಬರುತ್ತಾಳೆ.

ಮಾರನೆಯ ವರ್ಷ ಸೊಪ್ಪು ಕಟ್ಟುವಾಗ ಹೆಂಗಸರು ಆ ಅರ್ಧ ಸಿನಿಮಾದ ಮಾತು ತೆಗೆದರು. ಕಿಟಕಿಯ ಈಚೆ ನಾನು ಮಲಗಿದ್ದೆ. ಅದರಲ್ಲಿ ಒಬ್ಬ ಹೆಂಗಸು ಮನೆ ಬಿಟ್ಟು ಬಂದು, ಗೊತ್ತಿಲ್ಲದ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಸೂಟ್‌ಕೇಸ್ ಹಿಡಿದು ಇಳಿಯುತ್ತಾಳಂತೆ, ಅಲ್ಲಿಗೆ ಇಂಟರ್ವಲ್ ಆಯಿತಂತೆ.

"ವಾಪಸ್ ಓಗಿರ್ತಾಳೆ ಕಣೆ. ಮಕ್ಳ ಬುಟ್ಟು ಎಲ್ಲಿದ್ದಾಳು?" ಅಂದಳು ಒಬ್ಬಳು.

"ಓಗಾಕಿಲ್ಲ. ಓಗೋಳಾಗಿದ್ರೆ ಅಷ್ಟು ದೊಡ್ ಸೂಟ್‌ಕೇಸ್ ಯಾಕೆ ತತ್ತಿದ್ಲು?"

"ಅಲ್ಲೇ ಓಟ್ಲು ಮಡಗಿರ್ತಾಳೆ ಬುಡ್ರೆ."

ಎಲ್ಲರೂ ನಕ್ಕರು. ಸೊಸೆಯ ಕೈ ಮಾತ್ರ ಕಡ್ಡಿಯ ಮೇಲೆ ಓಡುತ್ತಲೇ ಇತ್ತು.

ಹೋದ ತಿಂಗಳು ಒಂದು ಭಾನುವಾರ ಸಂಜೆ ಅದೇ ಸಿನಿಮಾ ಟಿವಿಯಲ್ಲಿ ಬಂತು. ಬಸ್‌ಸ್ಟ್ಯಾಂಡು, ಸೂಟ್‌ಕೇಸು ನೋಡಿ ನನಗೇ ಗುರುತು ಸಿಕ್ಕಿತು. ಕರೆದೆ. ಸೊಸೆ ಅವರೆಕಾಯಿ ಮೊರ ಹಿಡಿದುಕೊಂಡು ಬಂದು ನೆಲದ ಮೇಲೆ ಕೂತಳು. ಕಾಳು ಬಿಡಿಸುವುದನ್ನು ಮರೆತು ನೋಡುತ್ತಿದ್ದಳು. ಅವತ್ತು ಕುಕ್ಕರ್ ಇಟ್ಟಿರಲಿಲ್ಲ, ಮಗ ಮನೆಯಲ್ಲಿರಲಿಲ್ಲ. ನಾನು ಕೆಮ್ಮು ಬಂದರೂ ತಡೆದುಕೊಂಡು ಕೂತಿದ್ದೆ. ಇದೊಂದು ಪೂರ್ತಿ ಆಗಲಿ ದೇವರೇ, ಅಂದುಕೊಂಡೆ.

ಗಡಿಯಾರದಲ್ಲಿ ಎಂಟಾಯಿತು. ಅವಳು ಮೊರ ಸರಿಸಿ ಎದ್ದಳು.

"ಮಾತ್ರೆ ಆಮೇಲೆ ತಕ್ಕತೀನಿ. ನೀನು ಕೂತ್ಕೊ," ಅಂದೆ.

"ಟೈಮ್ ತಪ್ಬಾರ್ದು ಅಂದವ್ರೆ ಮಾವ."

"ಒಂದಿನ ತಪ್ಪುದ್ರೆ ಏನಾಗ್ತದೆ?"

"ಅವತ್ತು ನಾನು ಫೋನ್ ಎತ್ತೋದು ತಡ ಆಯ್ತಲ್ಲ, ಅದು ನೆನ್ಸ್ಕಂಡ್ರೆ ಈಗ್ಲೂ ಕೈಕಾಲು ಆಡಾಕಿಲ್ಲ," ಅನ್ನುತ್ತಾ ಅಡುಗೆಮನೆಗೆ ಹೋದಳು.

ಹಾಗಾದರೆ ನಾಲ್ಕು ವರ್ಷದಿಂದ ಅವಳು ತಾನೇ ತಪ್ಪು ಮಾಡಿದೆ ಅಂದುಕೊಂಡಿದ್ದಾಳೆ. ಇದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ನೀರು ಕಾಯಿಸಿ ತಂದಳು. ಟಿವಿಯಲ್ಲಿ ಆಗಲೇ ಬೇರೆ ಮನೆ, ಬೇರೆ ಜನ. "ಏನಾಯ್ತು ಮಾವ?" ಅಂದಳು. ನಾನು ಟಿವಿ ನೋಡಿರಲಿಲ್ಲ, ಅಡುಗೆಮನೆಯ ಬಾಗಿಲು ನೋಡುತ್ತಾ ಕೂತಿದ್ದೆ. ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅವಳು ಅಂಗೈ ಚಾಚಿ ಮಾತ್ರೆ ಹಿಡಿದು ನಿಂತಿದ್ದಳು.

"ನೀರು ಬಿಸಿ ಜಾಸ್ತಿಯಾಗೈತೆ," ಅಂದೆ.

ಲೋಟ ತೆಗೆದುಕೊಂಡು ಮತ್ತೆ ಒಳಗೆ ಹೋದಳು.

ತೀರಿಕೊಂಡ ಹೆಂಡತಿಗೂ ನಾನು ಮಾಡಿದ ತಪ್ಪುಗಳಿವೆ. ಆದರೆ ಕೊನೆಯ ದಿನಗಳಲ್ಲಿ ಅವಳ ಕೈ ಹಿಡಿದು ಕ್ಷಮೆ ಕೇಳಿಕೊಂಡಿದ್ದೇನೆ. ಕೇಳದೆ ಉಳಿದಿರುವುದು ಬದುಕಿರುವವಳ ಹತ್ತಿರ. ಇದನ್ನು ಬರೆಯುತ್ತಿರುವಾಗ ಹತ್ತು ಹೆಜ್ಜೆ ದೂರದಲ್ಲಿ, ಉಪ್ಪು ಕಡಿಮೆ ಹಾಕಿದ ನನ್ನ ಸಾರಿಗೆ ಬೇರೆಯಾಗಿ ಒಗ್ಗರಣೆ ಹಾಕುತ್ತಿದ್ದಾಳೆ ನನ್ನ ಸೊಸೆ.