ಹನಗೋಡಿನ ನಡುಮನೆಯ ನೆಲ

ಆ ನೆಲ ತಾನು ಹಾಕಿದ್ದಲ್ಲ ಎಂದು ಪ್ರಮೀಳಾ ಮೂರು ಜನಕ್ಕೆ ಹೇಳಿದಳು. ನಾಲ್ಕನೆಯವರು ಕೆ.ಆರ್. ನಗರದಿಂದ ಫೋನ್ ಮಾಡಿ, "ಬ್ಯಾಡ ಬುಡಮ್ಮ, ನಾವು ಬೇರೆಯೋರ್ನ ನೋಡ್ಕೊಂಡ್ವಿ. ಹನಗೋಡಲ್ಲಿ ಏನೋ ಆಯ್ತಂತಲ್ಲ" ಎಂದಾಗ ಅವಳು ವಿವರಿಸಲು ಹೋಗದೆ ಫೋನ್ ಕಟ್ ಮಾಡಿದಳು. ಅದನ್ನು ಚೀಲಕ್ಕೆ ಎಸೆದು, ಹತ್ಯಾರಗಳ ಪೆಟ್ಟಿಗೆಯನ್ನು ಸ್ಕೂಟರಿನ ಮುಂದಿಟ್ಟುಕೊಂಡು ಹನಗೋಡಿನ ದಾರಿ ಹಿಡಿದಳು. ಒಲೆಯ ಮೇಲಿಟ್ಟ ಅನ್ನದ ನೆನಪಾದದ್ದು ಅರ್ಧ ದಾರಿಯಲ್ಲಿ. ಸೀದುಹೋಗಲಿ ಅಂದುಕೊಂಡಳು.

ಗಾವಡಗೆರೆಯ ಪ್ರಮೀಳಾ ಮನೆಗಳಿಗೆ ಮರದಂತೆ ಕಾಣುವ ಹಲಗೆಗಳ ಲ್ಯಾಮಿನೇಟ್ ನೆಲ ಹಾಕುವ ಕೆಲಸದವಳು. ಒಂಬತ್ತು ವರ್ಷದ ಹಿಂದೆ ಹುಣಸೂರಿನ ಮಹೇಶ್‌ಕುಮಾರ್ ಅಂಗಡಿಗೆ, ಗಿರಾಕಿಗಳಿಗೆ ಹಲಗೆಯ ಮಾದರಿ ತೋರಿಸಲು ಸೇರಿಕೊಂಡಿದ್ದಳು. ಮೈಸೂರಿನಿಂದ ಬರುತ್ತಿದ್ದ ಫಿಟ್ಟರ್ ಹೇಳಿದ ದಿನ ಬರುತ್ತಿರಲಿಲ್ಲ. ಬಂದರೆ ಇವಳೇ ಹಲಗೆ ಎತ್ತಿಕೊಡಬೇಕಿತ್ತು, ಅಳತೆ ಹಿಡಿಯಬೇಕಿತ್ತು. ಒಂದು ದಿನ ಅವನಿಲ್ಲದೆಯೇ ಒಂದು ಕೋಣೆ ಮುಗಿಸಿದಳು. ಮಹೇಶ್‌ಕುಮಾರ್ ರಸಮಟ್ಟ ಇಟ್ಟು ನೋಡಿದ, ಮಂಡಿಯೂರಿ ಸಂದುಗಳ ಮೇಲೆ ಉಗುರು ಎಳೆದು ನೋಡಿದ, ತಪ್ಪು ಸಿಗಲಿಲ್ಲ. ಅಲ್ಲಿಂದಾಚೆಗೆ ನಾಲ್ಕು ತಾಲ್ಲೂಕಿನ ಮನೆಗಳಿಗೆ ಅವಳೇ ಹೋದಳು. ಗಂಡ ವಸಂತ್ ಗೂಡ್ಸ್ ಆಟೋ ಓಡಿಸುತ್ತಾನೆ, ಹಲಗೆಯ ಪೆಟ್ಟಿಗೆ ತಂದು ಇಳಿಸುತ್ತಾನೆ. ಮನೆಯವರು ಎಲ್ಲವನ್ನೂ ಅವನನ್ನೇ ಕೇಳುತ್ತಿದ್ದರು. "ಅವಳ್ನ ಕೇಳಿ ಸಾರ್, ನಾನು ಬರೀ ಡ್ರೈವರ್ರು" ಎಂದು ಹೇಳಿ ಹೇಳಿ ಅವನಿಗೂ ಸಾಕಾಗಿತ್ತು.

ಮನೆಯ ವಯಸ್ಸು ತಿಳಿಯದೆ ನೆಲ ಮುಟ್ಟಬಾರದು ಅನ್ನುವುದನ್ನು ಅವಳಿಗೆ ಯಾರೂ ಹೇಳಿಕೊಡಲಿಲ್ಲ. ಕೆಲಸವೇ ಕಲಿಸಿತು. ಕೆ.ಆರ್. ನಗರದ ಹೊಸ ಬಡಾವಣೆಯಲ್ಲಿ ಆಗತಾನೆ ಕಾಂಕ್ರೀಟ್ ಹಾಕಿದ ಮನೆಗೆ ಗೃಹಪ್ರವೇಶದ ದಿನ ಗೊತ್ತಾಗಿದ್ದರೂ, ನೆಲದೊಳಗಿನ ನೀರು ಆರಲಿ, ಇನ್ನೆರಡು ತಿಂಗಳು ತಡೆಯಿರಿ ಎಂದು ಬಯ್ಯಿಸಿಕೊಂಡು ಬಂದವಳು ಅವಳು. ಪಿರಿಯಾಪಟ್ಟಣದ ಮೂವತ್ತು ನಲವತ್ತು ವರ್ಷದ ರೆಡ್ ಆಕ್ಸೈಡ್ ನೆಲಗಳು ಒಣಗಿ ಗಟ್ಟಿಯಾಗಿರುತ್ತವೆ, ಆದರೆ ನಡುವೆ ತಗ್ಗು. ಮೊದಲು ಸಿಮೆಂಟು ಬಳಿದು ಮಟ್ಟ ಮಾಡಬೇಕು. ಇನ್ನು ಅಜ್ಜನ ಕಾಲದ ಮನೆಗಳಲ್ಲಿ ನೆಲದ ಕೆಳಗೆ ಇರುವುದು ಬರೀ ಮಣ್ಣು. ತೇವ ತಡೆಯುವುದಕ್ಕೆ ಅಲ್ಲಿ ಏನೂ ಇಲ್ಲ.

ಹನಗೋಡಿನ ತಿಮ್ಮಯ್ಯನವರದು ಅಂಥ ಮನೆ. ಕಲ್ಲುಕಂಬದ ತೊಟ್ಟಿ ಮನೆ, ಹೊಳೆ ಅಲ್ಲಿಂದ ಎರಡು ಗದ್ದೆ ಆಚೆ. ಕಳೆದ ಮೇ ತಿಂಗಳಲ್ಲಿ ಅವರ ಮಗ ಮಹೇಂದ್ರ ಅಂಗಡಿಗೆ ಬಂದಿದ್ದ. ತಾಯಿ ಸುನಂದಮ್ಮನಿಗೆ ಸಕ್ಕರೆ ಕಾಯಿಲೆ, ತಣ್ಣನೆಯ ನೆಲದ ಮೇಲೆ ಕಾಲಿಟ್ಟರೆ ಪಾದ ಜೋಮು ಹಿಡಿಯುತ್ತದೆ, ನಡುಮನೆಗೆ ಮರದ ಹಾಗೆ ಕಾಣುವ ನೆಲ ಹಾಕಿಕೊಡಿ ಎಂದ. ಪ್ರಮೀಳಾ ಹೋಗಿ ನಡುಮನೆಯ ಎರಡು ಮೂಲೆಯಲ್ಲಿ ಅಂಗೈಯಗಲದ ಪ್ಲಾಸ್ಟಿಕ್ ಹಾಳೆ ಇಟ್ಟು, ಸುತ್ತ ಟೇಪು ಅಂಟಿಸಿ ಬಂದಳು. ಮೂರನೆಯ ದಿನ ಬಿಚ್ಚಿದರೆ, ಅಂಥ ಬೇಸಿಗೆಯಲ್ಲೂ ಹಾಳೆಯ ಅಡಿಯಲ್ಲಿ ಬೆವರಿನ ಹಾಗೆ ಹನಿ ನಿಂತಿತ್ತು. ಫೋಟೊ ತೆಗೆದು, ಇಲ್ಲಿ ಹಲಗೆ ಹಾಕಬಾರದು ಎಂದು ಕೆಳಗೆ ಬರೆದು, ಮಹೇಂದ್ರನಿಗೂ ಅಂಗಡಿಗೂ ಕಳಿಸಿದಳು.

"ಇಲ್ಲಿ ಆಕಕ್ಕಾಗಲ್ಲ ಕಣ್ರೀ. ಮಳೆಗಾಲದಲ್ಲಿ ಹಲಗೆ ಊದ್ಕೊಳ್ತವೆ. ಹಿಂದ್ಗಡೆ ಹೊಸದಾಗಿ ಕಟ್ಟಿರೋ ರೂಮ್ ಎತ್ತರಕ್ಕೈತೆ, ಅಲ್ಲಿ ಬೇಕಾದ್ರೆ ನೋಡ್ತೀನಿ. ಅಮ್ಮಾರು ಅಲ್ಲೇ ಮಲಗ್ಲಿ" ಅಂದಳು.

ಮಹೇಂದ್ರ ಮುಖ ಗಂಟು ಹಾಕಿದ. "ಹಿಂದ್ಗಡೆ ಹಾಕ್ಸಿ ಯಾರಿಗ್ ತೋರ್ಸೋಣ? ಬಂದೋರು ಕೂರೋದು ನಡುಮನೇಲಿ."

ಅಂಗಡಿಯಲ್ಲಿ ಮಹೇಶ್‌ಕುಮಾರ್ ಪೆಟ್ಟಿಗೆಯನ್ನೇ ತೋರಿಸಿದ. "ವಾಟರ್‌ಪ್ರೂಫ್ ಅಂತ ಬರ್ದೈತಲ್ಲಮ್ಮ, ನಿಂಗೆ ಓದಕ್ಕೆ ಬರಲ್ವ?"

"ಅದು ಮೇಲೆ ಚೆಲ್ಲೋ ನೀರಿಗೆ ಸಾರ್. ಕೆಳಗಿಂದ ಏರೋ ತೇವಕ್ಕಲ್ಲ."

"ನೀನು ಹಾಕ್ದಿದ್ರೆ ಇನ್ನೊಬ್ಬರು ಹಾಕ್ತಾರೆ."

"ಹಾಕ್ಲಿ. ನಾನು ಹಾಕಲ್ಲ."

ಇನ್ನೊಬ್ಬರು ಹಾಕಿದರು. ತಿಮ್ಮಯ್ಯ, ಸುನಂದಮ್ಮ ನೆಂಟರ ಮದುವೆಗೆ ಹೋಗಿದ್ದಾಗ, ಅಂಗಡಿಯವನು ಎಲ್ಲಿಂದಲೋ ಕರೆಸಿದ ಇಬ್ಬರು ಒಂದೇ ದಿನದಲ್ಲಿ ಮುಗಿಸಿ ಹೋದರು. ಮಳೆ ಹಿಡಿಯಿತು, ಲಕ್ಷ್ಮಣತೀರ್ಥ ಹೊಳೆ ತುಂಬಿ ಹರಿಯಿತು, ಆಗಸ್ಟ್ ಹೊತ್ತಿಗೆ ನಡುಮನೆಯ ಹಲಗೆಗಳು ಸಂದು ಸಂದಿನಲ್ಲಿ ಎದ್ದು ನಿಂತವು. ಒಂದು ಬೆಳಿಗ್ಗೆ ಅಂಥದ್ದೇ ಒಂದು ಅಂಚಿಗೆ ಸುನಂದಮ್ಮನ ಕಾಲ್ಬೆರಳು ಸಿಕ್ಕಿ, ಬಿದ್ದು, ಎಡಗೈ ಮಣಿಕಟ್ಟು ಮುರಿಯಿತು. ಊರಿನ ಟೀ ಅಂಗಡಿಯಲ್ಲಿ ಕೇಳಿದವರಿಗೆ ಮಹೇಂದ್ರ ಹೇಳಿದ್ದು ಒಂದೇ ಮಾತು: "ಅಂಗಡಿಯಿಂದ ಒಬ್ಳು ಹೆಂಗ್ಸು ಬಂದಿದ್ಳು ನೋಡಿ, ಅವ್ಳ ಕೆಲ್ಸ." ಹುಣಸೂರಿನಲ್ಲಿ ಮಹೇಶ್‌ಕುಮಾರ್ ಇಲ್ಲ ಅನ್ನಲಿಲ್ಲ. ಹೆಂಗಸಿನ ಕೈಗೆ ಕೊಟ್ಟದ್ದೇ ತನ್ನ ತಪ್ಪು ಎಂದು ಗಿರಾಕಿಗಳ ಮುಂದೆ ತಲೆಯಾಡಿಸಿದ. ಮೂರು ವಾರದಲ್ಲಿ ಪ್ರಮೀಳಾಳಿಗೆ ಕೆಲಸ ಹೇಳಿದ್ದ ನಾಲ್ಕು ಮನೆಗಳು ಕೈಬಿಟ್ಟವು.

ಅವಳು ಹನಗೋಡು ತಲುಪಿದಾಗ ತಿಮ್ಮಯ್ಯನವರು ಜಗಲಿಯ ಮೇಲೆ ಪೇಪರ್ ಓದುತ್ತಿದ್ದರು. ಮಹೇಂದ್ರ ಬೈಕ್ ತೊಳೆಯುತ್ತಿದ್ದವನು ಅವಳನ್ನು ಕಂಡು ಪೈಪು ಕೆಳಗಿಟ್ಟ.

"ಯಜಮಾನ್ರೇ, ನಡುಮನೇಲಿ ಒಂದು ಹಲಗೆ ಎತ್ತಿ ನೋಡ್ಬೇಕು" ಎಂದಳು ಪ್ರಮೀಳಾ. ದನಿ ನಡುಗುತ್ತಿತ್ತು. ಹೆದರಿಕೆಗೆ ನಡುಗುತ್ತಿದ್ದಾಳೆ ಎಂದು ಇವರು ತಿಳಿದುಕೊಂಡಾರು ಅನ್ನಿಸಿ ಇನ್ನಷ್ಟು ಸಿಟ್ಟು ಬಂತು.

"ಮಾಡಿದ್ದು ಸಾಲ್ದು ಅಂತ ಮತ್ತೆ ಬಂದ್ಯೇನಮ್ಮ?" ಎಂದರು ತಿಮ್ಮಯ್ಯ.

"ನಾನು ಏನ್ ಮಾಡಿದೀನಿ ಅಂತ ನೋಡಕ್ಕೇ ಬಂದಿರೋದು."

ಅವರು ತಡೆಯಲಿಲ್ಲ. ಪ್ರಮೀಳಾ ಗೋಡೆಯಂಚಿನ ಪಟ್ಟಿ ಕಿತ್ತು, ಸಣ್ಣ ಸಲಾಕೆ ತೂರಿಸಿ ಮೊದಲ ಹಲಗೆ ಎಬ್ಬಿಸಿದಳು. ಎರಡು, ಮೂರು, ನಾಲ್ಕು. ಒಂದು ಹಲಗೆ ಎಂದು ಕೇಳಿದ್ದಳು, ಕೈ ನಿಲ್ಲಲಿಲ್ಲ. ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಹಲಗೆಯ ಹಿಂಬದಿ ಪೂರ್ತಿ ಕಪ್ಪಗೆ ಬೂಷ್ಟು.

"ನೋಡಿ. ಹಲಗೆ ಹಿಗ್ಗೋಕೆ ಗೋಡೆ ಹತ್ರ ಒಂದು ಬೆರಳು ಜಾಗ ಬಿಡ್ಬೇಕು, ಬಿಟ್ಟಿಲ್ಲ. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸ್ಬೇಕು, ಹಾಸಿಲ್ಲ. ಹಾಸಿದ್ರೂ ಈ ನೆಲಕ್ಕೆ ತಡೀತಿರ್ಲಿಲ್ಲ, ಅದಕ್ಕೇ ನಾನು ಹಾಕಲ್ಲ ಅಂದಿದ್ದು." ಫೋನ್ ತೆಗೆದು ಮೇ ತಿಂಗಳ ಫೋಟೊ ಅವರ ಕಣ್ಣ ಮುಂದೆ ಹಿಡಿದಳು. "ಇದ್ನ ನಿಮ್ಮ ಮಗನಿಗೆ ಕಳ್ಸಿದ್ದೆ. ಕೆಳಗೆ ಬರ್ದಿರೋದನ್ನೂ ಓದ್ಕಳಿ."

ತಿಮ್ಮಯ್ಯ ಕನ್ನಡಕ ಏರಿಸಿ ಓದಿದರು. ಮಗನ ಕಡೆ ತಿರುಗಿದರು.

"ಅಂಗಡಿಯೋರು ಏನೂ ಆಗಲ್ಲ ಅಂದ್ರು ಕಣಪ್ಪ" ಎಂದ ಮಹೇಂದ್ರ.

"ಅವ್ರು ಅಂದ್ರು, ನೀವು ನಂಬಿದ್ರಿ. ಅದು ನಿಮ್ಮ ಮನೆ ವಿಚಾರ" ಎಂದಳು ಪ್ರಮೀಳಾ. "ಹಾಕಿದ್ದು ನಾನು ಅಂತ ಯಾಕೆ ಹೇಳಿದ್ರಿ?"

"ಯಾರೋ ಕೇಳಿದ್ರು. ಬಾಯಿಗೆ ಬಂತು, ಅಂದೆ."

ಬಾಯಿಗೆ ಬಂತು. ಬೇಕೆಂದೇ ಹೇಳಿದೆ ಅಂದಿದ್ದರೆ ಜಗಳವಾಡಬಹುದಿತ್ತು. ಒಂಬತ್ತು ವರ್ಷ ಮಂಡಿ ಸವೆಸಿ ಸಂಪಾದಿಸಿದ ಹೆಸರು ಇವನ ಬಾಯಿಗೆ ಸುಮ್ಮನೆ ಬಂದು, ಸುಮ್ಮನೆ ಹೋಗಿತ್ತು. ಕೈಯಲ್ಲಿದ್ದ ಸಲಾಕೆಯನ್ನು ಅವಳು ನೆಲಕ್ಕಿಟ್ಟಳು. ಹಿಡಿದುಕೊಂಡಿರಲು ತನ್ನ ಮೇಲೇ ಅವಳಿಗೆ ನಂಬಿಕೆ ಇರಲಿಲ್ಲ.

ಒಳಗಿನಿಂದ ಸುನಂದಮ್ಮ ಹೊಸಿಲವರೆಗೆ ಬಂದು ನಿಂತಿದ್ದರು, ಕೈಗೆ ಬ್ಯಾಂಡೇಜು ಕಟ್ಟಿತ್ತು. "ನಿನ್ನ ದಿನಾ ಬಯ್ಕೊಂಡೇ ಕೈಗೆ ಎಣ್ಣೆ ತಿಕ್ಕುಸ್ಕೊತಿದ್ದೆ ಕಣವ್ವ" ಅಂದರು. "ನಿನ್ ಕೈ ಸೇದೋಗ ಅಂತ. ಇವ್ನೂ ಎದುರಿಗೇ ಕೂತು ಕೇಳ್ತಿದ್ದ."

ಪ್ರಮೀಳಾ ಮಹೇಂದ್ರನ ಕಡೆ ತಿರುಗಿ ಹೇಳಿದಳು, "ಎಲ್ಲಿ ಹೇಳಿದ್ರೋ ಅಲ್ಲೇ ಬಂದು ಇಲ್ಲ ಅನ್ನಿ. ಅಷ್ಟೇ ನಂಗೆ ಬೇಕಾಗಿರೋದು."

"ಈಗ್ಲಾ?"

ತಿಮ್ಮಯ್ಯ ಆಗಲೇ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡಿದ್ದರು. "ನಡಿಲಾ."

ಟೀ ಅಂಗಡಿಯಲ್ಲಿ ಹತ್ತು ಹನ್ನೆರಡು ಜನ ಇದ್ದರು. ಆ ನೆಲ ಈಯಮ್ಮ ಹಾಕಿದ್ದಲ್ಲ ಎಂದು ಮಹೇಂದ್ರ ಗೋಡೆ ನೋಡಿಕೊಂಡು ಹೇಳಿದ. "ಇನ್ನೂ ಐತಲ್ಲ, ಅದ್ನೂ ಹೇಳು" ಎಂದರು ತಿಮ್ಮಯ್ಯ. "ಹಾಕ್ಬೇಡಿ ಅಂದಿದ್ರು. ನಾನೇ ಕೇಳ್ಲಿಲ್ಲ" ಎಂದ. ಒಬ್ಬ ನಕ್ಕ. ಇನ್ನೊಬ್ಬ ಪ್ರಮೀಳಾಳಿಗೆ ಟೀ ಹೇಳಲು ಹೋದ. ಅವಳು ಬೇಡ ಎಂದು ಸ್ಕೂಟರ್ ತಿರುಗಿಸಿದಳು.

ಮಧ್ಯಾಹ್ನ ಹುಣಸೂರಿನ ಅಂಗಡಿಯಲ್ಲಿ ಗಂಡ ಹೆಂಡತಿ ಇಬ್ಬರು ಕುಳಿತು ಬಣ್ಣ ಆರಿಸುತ್ತಿದ್ದರು. ತೇಗದ ಬಣ್ಣ ಒಳ್ಳೆಯದೋ ಹೊನ್ನೆಯ ಬಣ್ಣವೋ ಎಂದು ಅವರ ಚರ್ಚೆ. ಪ್ರಮೀಳಾ ತನ್ನ ಪೆಟ್ಟಿಗೆಯಲ್ಲಿದ್ದ, ಅಂಗಡಿಗೆ ಸೇರಿದ ಹಲಗೆ ಕತ್ತರಿಸುವ ಮಿಷನ್ನನ್ನು ಮಹೇಶ್‌ಕುಮಾರನ ಮೇಜಿನ ಮೇಲಿಟ್ಟಳು.

"ಗಿರಾಕಿಗಳಿದಾರೆ, ಆಮೇಲೆ ಮಾತಾಡಣ" ಎಂದ ಅವನು ಮೆಲ್ಲಗೆ.

"ನನ್ನ ವಿಚಾರ ಗಿರಾಕಿಗಳ ಮುಂದೇನೇ ಮಾತಾಡಿದ್ರಲ್ಲ ಸಾರ್, ಈಗೇನು ನಾಚ್ಕೆ?" ಅವಳು ಆ ದಂಪತಿಯ ಕಡೆ ತಿರುಗಿದಳು. "ನಿಮ್ಮ ಮನೆ ಎಷ್ಟು ವರ್ಷದ್ದು?"

"ಎಪ್ಪತ್ತಾಗಿರ್ಬೋದು. ನಮ್ಮ ತಾತ ಕಟ್ಸಿದ್ದು" ಎಂದ ಗಂಡ, ಗಾಬರಿಯಿಂದ.

"ಇವ್ರು ಅದನ್ನ ಕೇಳಿದ್ರಾ?"

ಕೇಳಿರಲಿಲ್ಲ. ಅವಳು ಅಷ್ಟಕ್ಕೇ ಹೊರಬಿದ್ದಳು. ಆ ಅಂಗಡಿಯ ಮೆಟ್ಟಿಲು ಮತ್ತೆ ಹತ್ತಲಿಲ್ಲ.

ದಸರಾ ಕಳೆದ ಮೇಲೆ ತಿಮ್ಮಯ್ಯನವರೇ ಗಾವಡಗೆರೆಗೆ ಬಂದರು. ನಡುಮನೆಯ ಹಲಗೆಗಳನ್ನೆಲ್ಲ ಕಿತ್ತು ಒಲೆಗೆ ಹಾಕಲೂ ಆಗದೆ ಹಿತ್ತಿಲಿಗೆ ಎಸೆದಿದ್ದಾಗಿತ್ತು. ಹಿಂದಿನ ರೂಮಿಗೆ ನೀನೇ ಹಾಕಿಕೊಡಬೇಕು ಎಂದರು. ಪ್ರಮೀಳಾ ಆಗುವುದಿಲ್ಲ ಎನ್ನಲು ಬಾಯಿ ತೆರೆದವಳು ಸುನಂದಮ್ಮನ ಪಾದ ನೆನೆದು ಸುಮ್ಮನಾದಳು. ಹೋಗಿ ತೇವ ನೋಡಿದಳು, ಒಣಗಿತ್ತು. ಹಲಗೆಗಳು ಅಲ್ಲಿಯ ಹವೆಗೆ ಹೊಂದಿಕೊಳ್ಳಲೆಂದು ಪೆಟ್ಟಿಗೆಗಳನ್ನು ಎರಡು ದಿನ ಅದೇ ರೂಮಿನಲ್ಲಿ ಮಲಗಿಸಿ, ಮೂರನೆಯ ದಿನ ಹಾಸಿ ಮುಗಿಸಿದಳು. ಮಹೇಂದ್ರ ಬಾಗಿಲಲ್ಲಿ ನಿಂತು ಏನೋ ಹೇಳಲು ನೋಡಿದಾಗಲೆಲ್ಲ ಹಲಗೆ ಕೂರಿಸುವ ಸುತ್ತಿಗೆಯ ಪೆಟ್ಟು ಜೋರಾಗುತ್ತಿತ್ತು.

ಕೈಬಿಟ್ಟ ನಾಲ್ಕು ಮನೆಗಳಲ್ಲಿ ಒಂದು ಮಾತ್ರ ಹಿಂದಕ್ಕೆ ಬಂತು. ಎಚ್.ಡಿ. ಕೋಟೆಯ ಕಡೆ ಈಗಲೂ ಆ ಸುದ್ದಿ ಹಳೆಯ ಹಾಗೆಯೇ ಓಡಾಡುತ್ತಿದೆ. ಸುಳ್ಳು ಹೋದಷ್ಟು ದೂರ ಟೀ ಅಂಗಡಿಯಲ್ಲಿ ತಪ್ಪೊಪ್ಪಿಕೊಂಡ ಮಾತು ಹೋಗಲಿಲ್ಲ.

"ಅವ್ನು ಒಪ್ಕೊಂಡನಲ್ಲ, ಈಗ್ಲಾದ್ರೂ ಸಿಟ್ಟು ಬುಡು" ಎಂದ ವಸಂತ್ ಒಂದು ದಿನ ಆಟೋ ಓಡಿಸುತ್ತ.

"ಯಾಕೆ ಬುಡ್ಲಿ?" ಎಂದಳು ಪ್ರಮೀಳಾ. "ಮೂರು ಮನೆ ಇನ್ನೂ ಬರ್ಬೇಕು."