ಟಾಕಿ ತೊಳೆದ ಮಜೂರಿ

ಮೊನ್ನೆ ಕಾರಿಗೆ ಪೆಟ್ರೋಲ್ ಹಾಕಿಸುವಾಗ ನಾಲ್ಕು ಹನಿ ನನ್ನ ಅಂಗಿಯ ತೋಳಿಗೆ ಸಿಡಿದವು. ಮನೆಗೆ ಬಂದು ಅಂಗಿ ಬಿಚ್ಚಿಟ್ಟರೂ ವಾಸನೆ ಬಿಡಲಿಲ್ಲ. ನಿಮಗಾದರೆ ಅದರಿಂದ ತಲೆನೋವು ಬರಬಹುದು. ನನ್ನನ್ನು ಮಾತ್ರ ಅದು ಸೀದಾ ಆಳಂದಕ್ಕೆ ಒಯ್ಯುತ್ತದೆ. ಎರಡನೆಯ ಮಹಾಯುದ್ಧ ಆಗಷ್ಟೇ ಮುಗಿದಿತ್ತು. ನನಗೆ ಇಪ್ಪತ್ತೆರಡು ವರ್ಷ; ನನಗೆ ತಿಳಿಯದ್ದು ಏನೂ ಇಲ್ಲವೆಂದು ಗಟ್ಟಿಯಾಗಿ ನಂಬಿದ್ದ ವಯಸ್ಸು.

ನಮ್ಮದು ಹತ್ತಿ ವ್ಯಾಪಾರದ ಮನೆ. ಅಪ್ಪ ಸೊಲ್ಲಾಪುರದಿಂದ ಹಳೆಯ ಕಾರೊಂದನ್ನು ತಂದಿದ್ದರು. ಅದು ಓಣಿಗೆ ಬರುವ ಮೊದಲೇ ಸದ್ದು ಕೇಳಿ ಮಂದಿ ಎಮ್ಮೆಗಳನ್ನು ಒಳಗೆ ಕಟ್ಟುತ್ತಿದ್ದರು. ಓಡಿಸುವವನು ನಾನು. ಒಂದು ದಿನ ಅದು ಬಜಾರದ ನಡುವೆ ಕೆಮ್ಮಿ ನಿಂತಿತು. ಎತ್ತು ಕಟ್ಟಿ ಎಳೆಸಿಕೊಂಡು ಧೂಳಪ್ಪನ ತಗಡಿನ ಶೆಡ್ಡಿಗೆ ಒಯ್ದೆ.

ಧೂಳಪ್ಪ ಊರ ಹೊರಗಿನ ಕೇರಿಯವನು. ಮಿಲಿಟರಿಯಲ್ಲಿ ಲಾರಿ ರಿಪೇರಿ ಮಾಡುತ್ತ ಕೆಲಸ ಕಲಿತು ಬಂದಿದ್ದ. ಅವನ ಕೇರಿಯವರು ದಿನವಿಡೀ ದುಡಿದು, ನಾವು ಕೊಟ್ಟಷ್ಟು ಜೋಳ ತೆಗೆದುಕೊಂಡು ಮಾತಿಲ್ಲದೆ ಹೋಗುವುದನ್ನೇ ಕಂಡು ಬೆಳೆದ ನನಗೆ, ಮೊದಲೇ ಮಜೂರಿ ಹೇಳಿ ಸುಮ್ಮನೆ ನಿಲ್ಲುವ ಈ ಮನುಷ್ಯ ಸೊಕ್ಕಿನವನಾಗಿ ಕಂಡಿದ್ದ.

"ಪೆಟ್ರೋಲ್ ಟಾಕಿಯೊಳಗ ತುಕ್ಕು ಹಿಡದು, ಎಳಿಯೋ ಪಂಪು ಹೋಗ್ಯದ್ರಿ. ಹೊಸಾದು ತರಸ್ರಿ. ಹಾಕೂದಕ್ಕ ಎರಡು ರೂಪಾಯಿ, ಟಾಕಿ ತೊಳಿಯೂದಕ್ಕ ಮೂರು. ಕಲ್ದಾರ," ಎಂದ.

ಆಗ ನಮ್ಮಲ್ಲಿ ಎರಡು ನಾಣ್ಯ ನಡೆಯುತ್ತಿದ್ದವು, ನಿಜಾಮರ ಹಾಲಿ ಮತ್ತು ಬ್ರಿಟಿಷರ ಕಲ್ದಾರ. ಕಲ್ದಾರದ ತೂಕವೇ ಬೇರೆ. ನನಗೆ ರೇಗಿತು.

"ನಮ್ಮನ್ಯಾಗ ದಿನಾ ಹಂಡೆ ತೊಳೀತಾರ. ಯಾರಿಗೂ ಮೂರು ರೂಪಾಯಿ ಕೊಡಂಗಿಲ್ಲ."

"ಹಂಡೇದಾಗ ಕೈ ಹೋಗ್ತದ್ರಿ, ಧಣ್ಯಾರ. ಟಾಕಿಯೊಳಗ ಹೋಗಂಗಿಲ್ಲ. ಬಿಚ್ಚಿ ಇಳಿಸಬೇಕು, ಬಿಸಿನೀರು ಸೋಡಾ ಹಾಕಬೇಕು, ಒಳಗ ಸರಪಳಿ ಬಿಟ್ಟು ಜಂಗು ಉದರೂತನಕ ಅಲ್ಲಾಡಸಬೇಕು. ಎರಡು ದಿನದ ಮೈನೋವು ಅದ."

"ಟಾಕಿ ನಾನೇ ತೊಳೀತೇನಿ," ಎಂದೆ.

ತೊಳೆದೆ. ಹೇಗೆಂದು ಕೇಳಬೇಡಿ. ಬಿಚ್ಚುವ ಗೋಜಿಗೆ ಹೋಗದೆ ಎರಡು ಕೊಡ ನೀರು ಹೊಯ್ದು, ಕೋಲಿಗೆ ಬಟ್ಟೆ ಸುತ್ತಿ ತಿರುವಿ, ಕೆಳಗಿನ ತಿರುಪು ತೆಗೆದು ಹರಿಯಬಿಟ್ಟೆ. ಅರ್ಧ ತಾಸಿನಲ್ಲಿ ಮುಗಿದ ಕೆಲಸಕ್ಕೆ ಮೂರು ರೂಪಾಯಿ ಕೇಳಿದ್ದನಲ್ಲ ಎಂದು ನಗು ಬಂತು. ಸೊಲ್ಲಾಪುರದಿಂದ ಪಂಪು ಬಂದಾಗ ಧೂಳಪ್ಪ ನನ್ನನ್ನು ಒಮ್ಮೆ ನೋಡಿ, "ಟಾಕಿ ಸ್ವಚ್ಛ ಆಗ್ಯದಂತ ನಿಮ್ಮ ಮಾತಿನ ಮ್ಯಾಲ ಹಾಕ್ತೇನಿ," ಎಂದು ಹಾಕಿಕೊಟ್ಟ.

ಅದೇ ವಾರ ಅಫಜಲಪುರಕ್ಕೆ ಕಣ್ಣಿನ ಡಾಕ್ಟರೊಬ್ಬರು ಎರಡೇ ದಿನದ ಮಟ್ಟಿಗೆ ಬರುವವರಿದ್ದರು. ನಮ್ಮವ್ವನ ಎರಡೂ ಕಣ್ಣಿಗೆ ಪೊರೆ ಬಂದು, ನನ್ನನ್ನು ಹೆಜ್ಜೆ ಸಪ್ಪಳದಿಂದಲೇ ಗುರುತಿಸುವಂತಾಗಿತ್ತು. ಮೊದಲ ದಿನ ಅಮಾವಾಸ್ಯೆಯೆಂದು ಅವಳು ಹೊರಡಲಿಲ್ಲ. ಎರಡನೆಯ ದಿನ ಬೆಳಿಗ್ಗೆ ಹೊರಟೆವು. ಊರು ದಾಟಿ ನಾಲ್ಕು ಮೈಲಿಗೆ ಕಾರು ನಿಂತಿತು.

"ಯಾಕಪ್ಪಾ?" ಎಂದಳು ಅವ್ವ.

"ಆ ಮಿಸ್ತ್ರಿ ಕೆಲಸ ನೆಟ್ಟಗ ಮಾಡಿಲ್ಲ," ಎಂದೆ.

ಇಷ್ಟು ಸಲೀಸಾಗಿ ಸುಳ್ಳು ಬಂದೀತೆಂದು ನನಗೇ ಗೊತ್ತಿರಲಿಲ್ಲ. ಅಷ್ಟಕ್ಕೇ ಬಿಡಲಿಲ್ಲ. ಆಳಂದದ ಕಡೆ ಹೊರಟಿದ್ದ ಸರ್ವಿಸ್ ಮೋಟಾರು ಬಸ್ಸು ಬಂದಾಗ ಕೈಮಾಡಿ ನಿಲ್ಲಿಸಿ, ಮಂದಿಯೆಲ್ಲ ಕೇಳುವಂತೆ ಡ್ರೈವರನಿಗೆ ಕೂಗಿದೆ: "ಧೂಳಪ್ಪಗ ಹೇಳು, ಅವನ ಕೆಲಸ ನಡುದಾರ್ಯಾಗ ನಿಂತದಂತ!"

ತಾಸಿನೊಳಗೆ ಧೂಳಪ್ಪ ಸೈಕಲ್ ತುಳಿದುಕೊಂಡು ಬಂದ. ಪಂಪು ಬಿಚ್ಚಿ ಅಂಗೈ ಮೇಲೆ ಕವುಚಿದ. ಕೆಂಪು ತುಕ್ಕಿನ ಪುಡಿ, ನೀರು. ಅಷ್ಟರಲ್ಲಿ ಅವ್ವ ಸದ್ದು ಬಂದ ಕಡೆ ಮುಖ ತಿರುಗಿಸಿ, "ಮಜೂರಿ ಎಣಿಸಿ ತಗೊಂಡಿ. ಕೆಲಸ ಹಿಂಗ ಮಾಡೂದೇನಪ್ಪಾ?" ಎಂದಳು.

ಅವನು ನನ್ನತ್ತ ನೋಡಲಿಲ್ಲ. ಕೈ ಒರೆಸಿಕೊಂಡು ನಿಧಾನವಾಗಿ ಹೇಳಿದ: "ಟಾಕಿ ನಾ ತೊಳದಿಲ್ರಿ, ಅವ್ವಾರ. ನಾ ತೊಳದಿದ್ರ ಗಾಡಿ ನಿಲ್ತಿದ್ದಿಲ್ಲ. ಯಾರು ತೊಳದಾರಂತ ಅವರೇ ಹೇಳ್ಲಿ."

ಬಿಸಿಲು ನೆತ್ತಿಯ ಮೇಲಿತ್ತು. ಕಾಣದ ಕಣ್ಣುಗಳನ್ನು ಅವ್ವ ನನ್ನ ಕಡೆ ತಿರುಗಿಸಿದಳು.

"ನಾನೇ ತೊಳದೀನಿ, ಯವ್ವಾ. ಮೂರು ರೂಪಾಯಿ ಉಳೀತಾವಂತ."

ಅವ್ವ ಧೂಳಪ್ಪನ ಕಡೆ ಮುಖ ತಿರುಗಿಸಿದಳು. ಅವನಿಗೆ, "ತಪ್ಪಾಗ್ಯದಪ್ಪಾ. ಹೊತ್ತು ಮುಣುಗೂದರಾಗ ನನ್ನ ಮುಟ್ಟಸ್ತೀಯೇನು?" ಎಂದು ಕೇಳಿದಳು.

"ಮುಟ್ಟಸ್ತೇನ್ರಿ," ಎಂದ, ಪಕ್ಕದ ಓಣಿಗೆ ಹೋಗಿ ಬರುವವನ ಹಾಗೆ.

ಅವ್ವನ ಹಳೆಯ ಸೀರೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ, ಟಾಕಿಯ ಪೆಟ್ರೋಲನ್ನು ತಾನು ತಂದ ಡಬ್ಬಿಗೆ ಸೋಸಿದ. ಪಂಪನ್ನು ತೊಳೆದು ಮತ್ತೆ ಕೂರಿಸಿ, ಡಬ್ಬಿಯಿಂದ ರಬ್ಬರಿನ ನಳಿಕೆಯೊಂದನ್ನು ನೇರವಾಗಿ ಅದಕ್ಕೆ ಜೋಡಿಸಿದ. ಟಾಕಿಯ ಹಂಗೇ ಬೇಡವಾಯಿತು. ಆದರೆ ಡಬ್ಬಿ ಅಲುಗದಂತೆ ಒಬ್ಬರು ಹಿಡಿದು ಕೂರಬೇಕು. ನಾನು ಕಾರಿನ ಬಾಗಿಲು ತೆರೆಯಲಿಲ್ಲ. ಅವನ ಕೇರಿಯವರು ನಮ್ಮ ಕಾರಿನಲ್ಲಿ ಎಂದೂ ಕೂತಿರಲಿಲ್ಲ.

"ಮುಂದ ಕೂಡಪ್ಪಾ. ಹೊತ್ತಾಗ್ತದ," ಎಂದಳು ಅವ್ವ. ಅವನು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕ ಕೂತ. ದಾರಿಯುದ್ದಕ್ಕೂ, "ಹಗೂರ ಹೋಗ್ರಿ," "ಈಗ ಬಿಡ್ರಿ," ಎಂದು ಅವನು ಹೇಳಿದ, ನಾನು ಕೇಳಿದೆ. ಡಾಕ್ಟರು ಪೆಟ್ಟಿಗೆ ಕಟ್ಟುವ ಮೊದಲೇ ಅಫಜಲಪುರ ಮುಟ್ಟಿದೆವು.

ಅವ್ವ ಮಜೂರಿ ಕೇಳಿದಳು. "ಇವತ್ತಿಂದು ಎರಡು ರೂಪಾಯ್ರಿ. ಟಾಕಿ ತೊಳದ ಮ್ಯಾಲ ಮೂರು," ಎಂದ. ಅವಳು ತಡಕಾಡಿ ಅವನ ಅಂಗೈ ಹುಡುಕಿ, ಅದರಲ್ಲೇ ಎರಡು ಕಲ್ದಾರ ಇಟ್ಟಳು. ಆಮೇಲೆ ಅವನು ನನ್ನನ್ನು ಪಕ್ಕಕ್ಕೆ ಕರೆದ.

"ಅವ್ವಾರ ಮುಂದ ಖರೇ ಹೇಳಿದ್ರಿ. ಆದ್ರ ಮೋಟಾರದಾಗಿನ ಮಂದಿ ಬ್ಯಾರೇನೇ ಕೇಳ್ಯಾರ. ನನಗ ಹೊಲ ಇಲ್ಲ, ಮನಿ ಇಲ್ಲ, ಕೈಯಾಗಿನ ಕೆಲಸದ ಹೆಸರು ಒಂದೇ ಅದ. ಅವರಿಗೂ ಹೇಳ್ರಿ."

ಆಳಂದಕ್ಕೆ ಮರಳಿದ ದಿನವೇ ಮೋಟಾರು ನಿಲ್ಲುವಲ್ಲಿನ ಚಹಾದಂಗಡಿಗೆ ಹೋದೆ. ಆ ಡ್ರೈವರನೂ ಇದ್ದ, ಮಂದಿಯೂ ಇದ್ದರು. ಹೇಳಿದೆ. "ಏನಂದ್ರಿ? ಕೇಳಸಲಿಲ್ಲ," ಎಂದ ಡ್ರೈವರ. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ. ಯಾರೋ ನಕ್ಕರು. ಧೂಳಪ್ಪ ಕೇಳಲು ಬಂದಿರಲಿಲ್ಲ. ಅವನು ನಮ್ಮ ಕಾರಿನ ಕೆಳಗೆ ಮಲಗಿ ಟಾಕಿ ಬಿಚ್ಚುತ್ತಿದ್ದ. ಎರಡು ದಿನ ಸರಪಳಿಯ ಸದ್ದು ಓಣಿಯವರೆಗೂ ಕೇಳಿತು. ಆ ಕಾರು ಎಷ್ಟೋ ಸಲ ಕೆಟ್ಟಿತು. ಟಾಕಿಯ ಕಾರಣಕ್ಕೆ ಮಾತ್ರ ಮತ್ತೆಂದೂ ನಿಲ್ಲಲಿಲ್ಲ. ಅವ್ವನಿಗೆ ಒಂದು ಕಣ್ಣು ಚೆನ್ನಾಗಿ ಬಂತು.

ಇಷ್ಟು ವರ್ಷ ಇದನ್ನು ಮನೆಯವರಿಗೆ ಅವ್ವನ ಕಣ್ಣಿನ ಕತೆಯೆಂದೇ ಹೇಳಿದ್ದೇನೆ: ಕಾರು ಕೆಟ್ಟಿತು, ಮಿಸ್ತ್ರಿ ಬಂದ, ಕಾರು ಹೋಯಿತು. ಯಾಕೆ ಕೆಟ್ಟಿತೆಂದು ಯಾರೂ ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಇಂದು ಮಧ್ಯಾಹ್ನ ಮಗಳು ನಾನು ಬರೆದಿಟ್ಟ ಈ ಹಾಳೆಗಳನ್ನು ಓದಿ, ಕನ್ನಡಕ ತೆಗೆದು ನನ್ನನ್ನೇ ನೋಡಿದಳು.

"ಅಪ್ಪಾ, ಹಂಗಾದ್ರ ತಪ್ಪು ನಿಮ್ದೇನು?"

"ಹೌದವ್ವಾ, ನಂದೇ," ಎಂದೆ.